ಅವ್ವ ಕರೆದ ಸಂಜೆ

ಅವ್ವ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಮಧ್ಯಾಹ್ನ ಬಂತು. ಅಳುವುದಕ್ಕೂ ಮೊದಲು ನೀಲವ್ವ ತಮ್ಮ ಗುರುಪಾದನನ್ನು ಒಳಕೋಣೆಯಲ್ಲಿ ಕೂರಿಸಿದಳು. ಗಾಳಿ ಕೆಟ್ಟಂದಿನಿಂದ ಆ ಊರಿನಲ್ಲಿ ಸತ್ತವರ ದನಿ ಅದೇ ಸಂಜೆ ಮನೆಗೆ ಬಂದು ಹೆಸರು ಹಿಡಿದು ಕರೆಯುತ್ತಿತ್ತು. 'ಓ' ಎಂದವರ ದನಿಯೂ ಅದರ ಜೊತೆಗೇ ಹೋಗಿಬಿಡುತ್ತಿತ್ತು. ಆಮೇಲೆ ಸಾಯುವತನಕ ಅವರು ಮೂಗರು.

ಗುರುಪಾದನಿಗೆ ಆಟಿಸಂ. ಕರೆದರೆ ತಿರುಗಿಯೂ ನೋಡದಿದ್ದವನಿಗೆ ಬೆಲ್ಲದ ಚೂರು ಕೊಟ್ಟು ಕೊಟ್ಟು 'ಓ' ಅನ್ನುವುದನ್ನು ಕಲಿಸಿದವಳು ಅವ್ವನೇ.

"ಕಲಿಸಿದಾಕೀನ ಕರಿಯಾಕ ಬರ್ತಾಳಲ್ಲ! ಅವನ ಕಿವ್ಯಾಗ ಹತ್ತಿ ತುರುಕು, ನೀಲಾ," ಎಂದಳು ಪಕ್ಕದ ಮನೆಯ ಶಿವಗಂಗಮ್ಮ.

"ಕಿವಿ ಮುಟ್ಟಿದರ ಚೀರ್ತಾನ, ಚಿಗವ್ವಾ. ಕಿತ್ತು ಒಗೀತಾನ."

ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ದನಿ ಕೇಳಿತು. "ಗುರೂ, ಉಂಡೀ ಏನಪ್ಪಾ?"

ಗುರುಪಾದ ತಲೆಯೆತ್ತಿ ಬಾಯಿ ತೆರೆದ. ನೀಲವ್ವ ಅವನ ಬಾಯಿ ಮುಚ್ಚಲು ಕೈ ಚಾಚಿದಳು. ಆದರೆ ಗಾಬರಿಯಾದಾಗ ಕಲಿತದ್ದನ್ನೆಲ್ಲ ಮರೆತು, ಕೇಳಿದ್ದನ್ನೇ ತಿರುಗಿ ಹೇಳುವುದು ಅವನ ಹುಟ್ಟುಗುಣ.

"ಗುರೂ, ಉಂಡೀ ಏನಪ್ಪಾ?" ಎಂದ, ಅವ್ವನದೇ ರಾಗದಲ್ಲಿ.

ಹೊರಗಿನ ದನಿ ತಡವರಿಸಿತು. ಆಮೇಲೆ ಮೆಲ್ಲಗೆ, "ಓ... ಉಂಡೀನಿ, ನನ್ನಪ್ಪಾ," ಎಂದು ದೂರವಾಯಿತು. ಗುರುಪಾದ "ಉಂಡೀ ಏನಪ್ಪಾ" ಎಂದು ಮತ್ತೆ ಗುನುಗಿದ; ಅವನ ದನಿ ಅವನಲ್ಲೇ ಉಳಿದಿತ್ತು.

ನೀಲವ್ವ ಆಗ ಅತ್ತಳು. ಅಳುತ್ತಲೇ ಕೈಮುಗಿದಳು. "ಶಿವನೇ, ಅವ್ವ ದಣದು ನಿನ್ನ ಕಡೆ ಬರಾಕತ್ಯಾಳ. ನಿನ್ನ ಪಾದದಾಗ ಆಕೀಗೆ ನೆಮ್ಮದಿ ಕೊಡು."