ಉದ್ದನೆಯ ತಂತಿ

ಕಾಂಗೋದಿಂದ ಬಂದ ತಂತಿಯಲ್ಲಿ ಇಷ್ಟೊಂದು ಮಾತು ಕಂಡು ಕೃಷ್ಣವೇಣಿ ಬಾಗಿಲಲ್ಲೇ ನಿಂತಳು. ಪತ್ರಿಕೆಗೆ ಯುದ್ಧದ ಸುದ್ದಿ ಬರೆಯಲು ಅಲ್ಲಿಗೆ ಹೋಗಿದ್ದ ಗಂಡ ಜಯಸಿಂಹ, ಪದಪದಕ್ಕೂ ಕಾಸೆಂದು, ಮನೆಗೆ ಯಾವಾಗಲೂ ಕಳಿಸುತ್ತಿದ್ದುದು 'ಕ್ಷೇಮ' ಎಂಬ ಒಂದೇ ಮಾತು.

ಯಲಹಂಕದ ಮನೆಯ ಜಗಲಿಯಲ್ಲಿ ಅತ್ತೆ ನಾಗಮಣಿ ಮಗನ ದನಿಯನ್ನು ಅಣಕಿಸಿದರು. "'ಕ್ಷೇಮ, ಕ್ಷೇಮ!' ಹಲ್ಲಿ ಲೊಚಗುಟ್ಟಿದ ಹಾಗೆ! ಇವತ್ತಾದ್ರೂ ಬಾಯಿ ಬಿಟ್ಟನಲ್ಲ ಜುಗ್ಗ. ಜೋರಾಗಿ ಓದೇ."

"'ಅಮ್ಮನ ಕೈ ಹುಳಿಯ ರುಚಿ ನಾಲಿಗೆ ಮೇಲೇ ಇದೆ.'"

"ನೋಡಿದ್ಯಾ!"

"'ವೇಣಿ, ನಿನ್ನ ಮೇಲೆ ರೇಗಿದ್ದನ್ನೆಲ್ಲ ಮರೆತುಬಿಡು.'"

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ನನ್ನೆದುರು ನಾಚ್ಕೋಬೇಡ್ವೇ. ಮುಂದೆ?"

ತುಂಬು ಬಸುರಿ ಕೃಷ್ಣವೇಣಿ ಗೋಡೆಗೊರಗಿದಳು. "'ಮಗುವಿಗೆ ಹೆಸರು ನೀವೇ ಇಡಿ. ನನಗಾಗಿ ಕಾಯಬೇಡಿ.'"

ಅತ್ತೆಯ ನಗು ಸೆರಗಿನೊಳಗೇ ನಿಂತುಹೋಯಿತು.