ಇಪ್ಪತ್ತು ಟನ್ನಿನ ದೋಣಿ

"ತಿವೀಬೇಡಿ ಟೀಚರ್. ಸುಮ್ನೆ ಒರಗಿ," ಎಂದ ಸಿಡೆರಿಸ್, ಚುಕ್ಕಾಣಿಯ ಬಳಿಯಿಂದ.

ಎವಾಂಥಿಯಾ ಗಳದ ತುದಿಯನ್ನು ಕಟ್ಟೆಯ ಕಲ್ಲಿಗೆ ಊರಿ, ಭುಜ ಕೊಟ್ಟು ಒರಗಿದಳು. ಕಟ್ಟೆಯ ಸುತ್ತ ನೀರಿನಲ್ಲಿ ಬಲೆಯ ಹಗ್ಗಗಳು ತುಂಬಿರುವುದರಿಂದ ಎಂಜಿನ್ ಹಾಕುವ ಮೊದಲು ದೋಣಿಯನ್ನು ಕೈಯಿಂದಲೇ ಆಚೆ ಸರಿಸುವುದು ಏಜಿಯನ್ ಸಮುದ್ರದ ಆ ಪುಟ್ಟ ದ್ವೀಪದ ರೂಢಿ. ದೋಣಿ ಹತ್ತಿದವರು ಯಾರೇ ಇರಲಿ ಗಳ ಹಿಡಿಯಬೇಕು, ಪಾದ್ರಿಗೂ ವಿನಾಯಿತಿ ಇಲ್ಲ. ಹೋದ ಅಕ್ಟೋಬರಿನಲ್ಲಿ, ಒಂದು ವರ್ಷದ ಮಟ್ಟಿಗೆ ವಿಜ್ಞಾನದ ಟೀಚರಾಗಿ ಬಂದ ಹೊಸದರಲ್ಲಿ, ಅವಳು ಇದೇ ಗಳವನ್ನು ಜೋರಾಗಿ ತಿವಿದು, ಅದು ಜಾರಿ, ಕೋಟಿನ ಸಮೇತ ಸಮುದ್ರಕ್ಕೆ ಬಿದ್ದಿದ್ದಳು. ಭೌತಶಾಸ್ತ್ರ ನೀರಿಗೆ ಬಿತ್ತು ಎಂದು ಊರಿಗೆ ಊರೇ ಒಂದು ವಾರ ನಕ್ಕಿತ್ತು. ಅವಳೇನು ಬಿಡುವವಳೇ? ಮರುದಿನ ಬೋರ್ಡಿನ ಮೇಲೆ ಅದನ್ನೇ ಪಾಠ ಮಾಡಿದಳು. ದೋಣಿಯ ದ್ರವ್ಯರಾಶಿ ಇಪ್ಪತ್ತು ಟನ್. ನಾನು ಒರಗುವ ಬಲ ಇಪ್ಪತ್ತು ಕಿಲೋ ಭಾರದಷ್ಟು. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ. ಅಂದರೆ ಒಂದೊಂದು ಸೆಕೆಂಡ್ ಕಳೆದಂತೆ ದೋಣಿಯ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣುವುದಿಲ್ಲ ಮಕ್ಕಳೇ, ಆದರೆ ಅದು ಸೊನ್ನೆಯಲ್ಲ ಎಂದಿದ್ದಳು.

ಈಗ ಜೂನ್ ಕೊನೆ. ಶಾಲೆ ಮುಗಿದಿದೆ, ಪೆಟ್ಟಿಗೆ ದೋಣಿಯಲ್ಲಿದೆ. ಕಟ್ಟೆಯ ಮೇಲೆ ಸಿಡೆರಿಸನ ಅಕ್ಕ ಮರಿಗೋ, ಊರಿನ ಒಂದೇ ಒಂದು ಕಾಫಿ ಅಂಗಡಿಯವಳು, ನೀರಿನ ಹೂಜಿ ಹಿಡಿದು ನಿಂತಿದ್ದಳು.

"ಒರಗಿ ಒರಗಿ ಒಂಬತ್ತು ತಿಂಗಳಾಯ್ತು ಟೀಚರಮ್ಮ," ಎಂದಳು ಮರಿಗೋ. "ದೋಣಿ ಆದ್ರೂ ಕದಲ್ತು. ನನ್ನ ತಮ್ಮ ಕದಲ್ಲಿಲ್ಲ ನೋಡಿ."

"ಅಕ್ಕ, ನೀನು ಒಳಗೆ ಹೋಗು."

"ಹೋಗ್ತೀನಿ ಕಣೋ. ಈ ವಾರದಲ್ಲಿ ನೀನು ನನ್ನ ಹತ್ರ ಬಾಯಿ ಬಿಟ್ಟಿದ್ದು ಇದೇ ಮೊದಲು."

ಹೋದವರು ನೀರಿನಂತೆ ಸರಾಗವಾಗಿ ಹೋಗಿ ಬರಲಿ ಎಂದು ಅವಳು ಹೂಜಿಯ ನೀರನ್ನು ಅವರ ಹಿಂದೆ ಚೆಲ್ಲಿ, ಸೆರಗಿಲ್ಲದ್ದಕ್ಕೆ ತೋಳಿನಲ್ಲೇ ಮೂಗು ಒರೆಸಿಕೊಂಡು ನಡೆದಳು. ಎಂಜಿನ್ ಗುಡುಗಿತು.

ಮರಿಗೋ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಜೆಯಾದರೆ ಸಿಡೆರಿಸ್ ಕಾಫಿ ಅಂಗಡಿಯ ಮುಂದೆ ಬಲೆ ಹೆಣೆಯುತ್ತ ಕೂರುತ್ತಿದ್ದ. ಎವಾಂಥಿಯಾ ಪಕ್ಕದ ಕುರ್ಚಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವಳು ನೂರು ಮಾತಾಡಿದರೆ ಅವನದು ಒಂದು. ಶನಿವಾರ ಬೆಳಗ್ಗೆ ಅವಳ ಕಿಟಕಿಯ ಹಲಗೆಯ ಮೇಲೆ ಹಸನು ಮಾಡಿದ ಮೀನು ಇರುತ್ತಿತ್ತು, ಇಟ್ಟವನು ಬಾಗಿಲು ತಟ್ಟುತ್ತಿರಲಿಲ್ಲ. ಮೂವತ್ತೆಂಟು ವರ್ಷದ ಹೆಂಗಸಿಗೆ ಅಷ್ಟರಿಂದಲೇ ನಿದ್ದೆ ಕೆಡಬೇಕೆ? ಕೆಟ್ಟಿತ್ತು. ಮುಂದಿನ ವರ್ಷ ಯಾವ ಊರು ಬೇಕೆಂದು ಇವತ್ತೇ ಅರ್ಜಿ ತುಂಬಬೇಕು. 'ಬನ್ನಿ' ಎಂದು ಅವನು ಒಂದು ಸಲ ಅಂದರೆ ಸಾಕಿತ್ತು, ಅವಳು ಈ ದ್ವೀಪದ ಹೆಸರನ್ನೇ ಮೊದಲು ಬರೆಯುತ್ತಿದ್ದಳು. ಕರೆಯದೆ ಬರುವುದಕ್ಕೆ ಮಾತ್ರ ಅವಳ ಮನಸ್ಸು ಒಪ್ಪಲಿಲ್ಲ.

"ಮುಂದಿನ ವರ್ಷ ಯಾರನ್ನ ಕಳಿಸ್ತಾರೋ," ಎಂದಳು.

"ಯಾರನ್ನಾದ್ರೂ ಕಳಿಸ್ತಾರೆ."

"ಈಜು ಬರೋರನ್ನ ಕಳಿಸ್ಲಿ, ಪಾಪ."

ಅವನು ನಕ್ಕ. ಆ ನಗುವನ್ನು ಇನ್ನು ನೋಡಲಾರೆನಲ್ಲ ಎನಿಸಿತು ಅವಳಿಗೆ.

"ಅರ್ಜೀಲಿ ಮೊದಲನೇ ಊರಿನ ಜಾಗ ಖಾಲಿ ಬಿಟ್ಟಿದ್ದೀನಿ, ಸಿಡೆರಿಸ್."

"ನಿಮ್ಮೂರಲ್ಲಿ ಅಮ್ಮ ಇದಾರಲ್ಲ," ಎಂದ ಅವನು, ನೀರನ್ನೇ ನೋಡುತ್ತ. "ಬೆಟ್ಟದ ಊರು. ಕುಡಿಯೋ ನೀರು ಚೆನ್ನಾಗಿರುತ್ತಂತೆ."

ಅವನನ್ನು ಹಿಡಿದು ಸಮುದ್ರಕ್ಕೆ ನೂಕಿಬಿಡೋಣ ಎಂದುಕೊಂಡಳು. ಆಮೇಲೆ ಮುಖ ತಿರುಗಿಸಿ ಕೂತಳು, ಅಳುವುದು ಅವನಿಗೆ ಕಾಣಬಾರದಿತ್ತು.

ಪಕ್ಕದ ದೊಡ್ಡ ದ್ವೀಪದ ಬಂದರು ಹತ್ತಿರವಾಯಿತು. ಅವಳನ್ನು ಅಥೆನ್ಸಿಗೆ ಒಯ್ಯುವ ಹಡಗು ಬಾಯಿ ತೆರೆದು ನಿಂತಿತ್ತು. ಇಲ್ಲಿ ಸಿಡೆರಿಸನದೊಂದು ಹೆಮ್ಮೆ ಇತ್ತು. ದಡದ ಬಿಳಿ ಗುಡಿ ಎದುರಾದ ಕ್ಷಣಕ್ಕೆ ಸರಿಯಾಗಿ ಎಂಜಿನ್ ಆರಿಸುತ್ತಿದ್ದ. ಅಷ್ಟು ಭಾರದ ದೋಣಿ ಒಮ್ಮೆಲೇ ನಿಲ್ಲುವುದಿಲ್ಲ. ನೀರು ಅದರ ವೇಗವನ್ನು ಚೂರುಚೂರೇ ತಿನ್ನುತ್ತ ಬರುತ್ತಿತ್ತು, ಕಟ್ಟೆ ಮುಟ್ಟುವ ಹೊತ್ತಿಗೆ ಬುಟ್ಟಿಯಲ್ಲಿನ ಮೊಟ್ಟೆ ಕೂಡ ಅಲುಗುತ್ತಿರಲಿಲ್ಲ. ಮಾಪನವಿಲ್ಲ, ಸೂತ್ರವಿಲ್ಲ, ಬರೀ ಕಣ್ಣಳತೆ.

ಇವತ್ತು ಗುಡಿ ಇನ್ನೂ ದೂರ ಇರುವಾಗಲೇ ಅವನು ಕೀಲಿ ತಿರುಗಿಸಿದ. ಎಂಜಿನ್ ಸುಮ್ಮನಾಯಿತು. ದೋಣಿ ತನ್ನಷ್ಟಕ್ಕೆ ಸಾಗಿತು, ಗುಡಿಯನ್ನು ನಿಧಾನವಾಗಿ ದಾಟಿತು, ಇನ್ನೂ ನಿಧಾನವಾಯಿತು, ಕಟ್ಟೆಗೆ ಮೂವತ್ತು ಮಾರು ಇರುವಾಗ ನಿಂತೇಬಿಟ್ಟಿತು. ಹಡಗು ಒಮ್ಮೆ ಕೂಗಿತು. ಸಿಡೆರಿಸ್ ಕೀಲಿಯ ಕಡೆ ನೋಡಲಿಲ್ಲ.

"ದೋಣಿ ನಿಂತೋಯ್ತು," ಎಂದಳು ಎವಾಂಥಿಯಾ.

"ಹೂಂ."

"ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ನಿಮ್ಮ ಅಂದಾಜು ತಪ್ಪಿಲ್ಲ ಅಂತ ಅಕ್ಕ ಹೇಳ್ತಿದ್ರು."

ಅವನು ಚುಕ್ಕಾಣಿಯಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

"ಇವತ್ತೂ ತಪ್ಪಿಲ್ಲ ಟೀಚರ್," ಎಂದ.