ಎಚ್ಚರವಿದ್ದಷ್ಟು ಹೊತ್ತು

"ಅಳಿಸಿಬಿಡಿ ಅತ್ತಿಗೆ. ನೋಡ್ತಾ ಕೂತ್ರೆ ಓಡೋಕೆ ಶುರು ಮಾಡುತ್ತಾ?" ಎಂದ, ಪಕ್ಕದ ಮೇಜಿನ ಎಂಜಿನಿಯರ್. ಪರದೆಯ ಮೇಲಿದ್ದದ್ದು ಅವಳ ಗಂಡ, ಅಂದರೆ ಈ ಎಂಜಿನಿಯರನ ಗೆಳೆಯ, ತೀರಿಕೊಳ್ಳುವ ಮುನ್ನ ಬರೆದ ಕೊನೆಯ ಪ್ರೋಗ್ರಾಂ. ಪ್ರೊಸೆಸರಿನ ವೇಗವನ್ನು ನಿರ್ಧರಿಸುವಂಥದ್ದು. ಅದರಿಂದ ವೇಗ ಅರ್ಧಕ್ಕಿಳಿದಿದೆ ಎಂದು ಅಳೆದು ತೋರಿಸಿದವಳೂ ಅವಳೇ. ಪ್ರೊಸೆಸರಿನೊಳಗಿನ ಕೌಂಟರ್ ಎಣಿಸಿದ ಬಡಿತಗಳನ್ನು ಗಡಿಯಾರದ ಸೆಕೆಂಡುಗಳಿಂದ ಭಾಗಿಸಿದ್ದಳು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಳು. ಬೆರಳು ನಡುಗಲಿಲ್ಲ. ಗಂಡ ಹೋದಂದಿನಿಂದ ಅವಳಲ್ಲಿ ಯಾವುದೂ ನಡುಗಿರಲಿಲ್ಲ.

"ಅವನ ಥರಾನೇ ಇದೂನೂ," ಎಂಜಿನಿಯರ್ ನಗಲು ನೋಡಿದ. "ಕೆಲಸ ಮುಗಿಯೋದೇ ತಡ, ಕೂತಲ್ಲೇ ಗೊರಕೆ."

ಅವಳು ತಟ್ಟನೆ ತಿರುಗಿದಳು. "ಕೆಲಸ ಇಲ್ದೆ ಪ್ರೊಸೆಸರ್ ಮಲಗಿದ್ರೆ ಕೌಂಟರೂ ಮಲಗುತ್ತೆ, ಅಲ್ವಾ?"

"ಹೂಂ. ಅದಕ್ಕೇನೀಗ?"

"ಗಡಿಯಾರ ಮಲಗಲ್ಲ. ನಿದ್ದೆ ಹೊತ್ತನ್ನೂ ಸೇರಿಸಿ ಭಾಗಿಸಿದೀನಿ."

ಅವನು ಹಣೆ ಚಚ್ಚಿಕೊಂಡ. "ಮಲಗಿದವನ ಹೆಜ್ಜೆ ಎಣಿಸಿ ನಡಿಯೋಕೇ ಬರಲ್ಲ ಅಂದ ಹಾಗಾಯ್ತಲ್ಲ, ಅತ್ತಿಗೆ! ನಾನೂ ತಲೆಯಾಡಿಸಿದ್ನಲ್ಲ!"

ಪ್ರೊಸೆಸರಿನಲ್ಲಿ ಇನ್ನೊಂದು ಕೌಂಟರ್ ಇತ್ತು. ವೇಗ ಏರಲಿ ಇಳಿಯಲಿ, ಅದು ಒಂದೇ ಸಮನೆ ಬಡಿಯುತ್ತಿತ್ತು, ಆದರೆ ಪ್ರೊಸೆಸರ್ ಮಲಗಿದಾಗ ತಾನೂ ಮಲಗುತ್ತಿತ್ತು. ಈ ಸಲ ಮೊದಲಿನ ಎಣಿಕೆಯನ್ನು ಅದರ ಎಣಿಕೆಯಿಂದ ಭಾಗಿಸಿದಳು. ಉತ್ತರ ಬಂತು: ಪೂರ್ತಿ ವೇಗ. ಎಚ್ಚರವಿದ್ದಷ್ಟು ಹೊತ್ತೂ ಪ್ರೊಸೆಸರ್ ಒಂದು ಕ್ಷಣ ಕೂಡ ನಿಧಾನಿಸಿರಲಿಲ್ಲ.

"ಹಾಗಾದ್ರೆ ಇರ್ಲಿ ಬಿಡಿ," ಎಂದ ಎಂಜಿನಿಯರ್, ಮೆಲ್ಲಗೆ.

ಅವಳು ಕೀಲಿಯಿಂದ ಬೆರಳು ತೆಗೆಯಹೋದಳು. ಅದು ನಡುಗುತ್ತಿತ್ತು.